ಕ್ಲೋಂಡೈಕ್: ಗೂಟಗಳೆಲ್ಲ ಬಿದ್ದ ಮೇಲೆ ಹೊರಟ ಒಂದು ಲಕ್ಷ ಜನ

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾ ಗಡಿಗೆ ಹತ್ತಿರ, ಯೂಕಾನ್ ನದಿಗೆ ಕ್ಲೋಂಡೈಕ್ ಎಂಬ ಸಣ್ಣ ನದಿ ಬಂದು ಸೇರುತ್ತದೆ. ಅದಕ್ಕೆ ಕೂಡುವ ಹಳ್ಳವೊಂದರಲ್ಲಿ 1896ರ ಆಗಸ್ಟ್ 16ರಂದು ಚಿನ್ನ ಕಂಡಿತು. ಆ ತಿಂಗಳು ಮುಗಿಯುವುದರೊಳಗೆ ಹಳ್ಳದ ಉದ್ದಕ್ಕೂ ‘ಈ ನೆಲ ನನ್ನದು’ ಎಂದು ಹೊಡೆಯುವ ಹಕ್ಕಿನ ಗೂಟಗಳು ಬಿದ್ದಿದ್ದವು. ಹೊರಜಗತ್ತಿಗೆ ಸುದ್ದಿ ಮುಟ್ಟಿದ್ದು 1897ರ ಜುಲೈಯಲ್ಲಿ. ಸುದ್ದಿ ಕೇಳಿ ಹೊರಟವರಲ್ಲಿ ಹೆಚ್ಚಿನವರು ಅಲ್ಲಿಗೆ ತಲುಪಿದ್ದು 1898ರ ಜೂನ್‌ನಲ್ಲಿ. ಸುಮಾರು 1 ಲಕ್ಷ ಮಂದಿ ಮನೆ ಬಿಟ್ಟರು, 30ರಿಂದ 40 ಸಾವಿರ ಮಂದಿ ಮುಟ್ಟಿದರು, 4 ಸಾವಿರದಷ್ಟು ಮಂದಿಗೆ ಚಿನ್ನ ಸಿಕ್ಕಿತು ಎಂಬುದು ಇತಿಹಾಸಕಾರರ ಅಂದಾಜು.

ಇದನ್ನು ಸಾಮಾನ್ಯವಾಗಿ ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ಮೇಲಿನ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಅದೃಷ್ಟಕ್ಕೆ ಅಲ್ಲಿ ಹೆಚ್ಚು ಜಾಗವೇ ಇಲ್ಲ. ಜನ ಹಡಗು ಹತ್ತುವ ಮೊದಲೇ ಒಳ್ಳೆಯ ನೆಲ ಹಂಚಿಹೋಗಿತ್ತು. ಹಾಗಾದರೆ ಅವರ ದುಡ್ಡು, ದುಡಿಮೆ ಎಲ್ಲಿಗೆ ಹೋಯಿತು, ಯಾರಿಗೆ ದಕ್ಕಿತು, ಇದೆಲ್ಲ ಯಾರ ನೆಲದ ಮೇಲೆ ನಡೆಯಿತು ಎಂಬುದು ಈ ಪ್ರಕರಣದಲ್ಲಿ ನೋಡಬೇಕಾದ ವಿಷಯ.

ಮೊದಲ ಹದಿನೈದು ದಿನ

ರ‍್ಯಾಬಿಟ್ ಕ್ರೀಕ್ ಎಂಬ ಆ ಹಳ್ಳದಲ್ಲಿ ಮೊದಲ ಗೂಟ ಹೊಡೆದವರು ಮೂವರು: ಟಾಗಿಶ್ ಸಮುದಾಯದ ಕೇಷ್, ಅವನ ಸೋದರಳಿಯ ಕಾ ಗೋಖ್, ಮತ್ತು ಕೇಷ್‌ನ ಸಹೋದರಿ ಶಾ ಟ್ಲಾಳ ಗಂಡ, ಕ್ಯಾಲಿಫೋರ್ನಿಯಾದ ಜಾರ್ಜ್ ಕಾರ್ಮ್ಯಾಕ್. ಬಿಳಿಯರ ದಾಖಲೆಗಳಲ್ಲಿ ಕೇಷ್ ‘ಸ್ಕೂಕಮ್ ಜಿಮ್’, ಕಾ ಗೋಖ್ ‘ಟಾಗಿಶ್ ಚಾರ್ಲಿ’, ಶಾ ಟ್ಲಾ ‘ಕೇಟ್’. ಚಿನ್ನವನ್ನು ಮೊದಲು ಕಂಡದ್ದು ಕೇಷ್ ಎನ್ನುತ್ತಾರೆ ಅವನ ಕಡೆಯವರು. ಕಾರ್ಮ್ಯಾಕ್ ತಾನೇ ಎಂದ. ಶೋಧದ ಹಕ್ಕು ಕಾರ್ಮ್ಯಾಕ್ ಹೆಸರಿಗೇ ಬರೆದುಹೋಯಿತು. ಮೂಲನಿವಾಸಿಯೊಬ್ಬನನ್ನು ಶೋಧಕನೆಂದು ಯಾರೂ ಒಪ್ಪುವುದಿಲ್ಲ ಎಂಬುದು ಆಗ ಅವನು ಕೊಟ್ಟ ಕಾರಣ.

ಕಾನೂನು ಸರಳವಾಗಿತ್ತು. ಹಳ್ಳದ ಹರಿವಿನ ಉದ್ದಕ್ಕೆ 500 ಅಡಿ, ಅಂದರೆ ಸುಮಾರು 150 ಮೀಟರ್ ಒಂದು ಕ್ಲೇಮು (ಅಗೆಯುವ ಹಕ್ಕಿನ ನೆಲ). ಒಬ್ಬರಿಗೆ ಒಂದೇ, ಶೋಧಕನಿಗೆ ಮಾತ್ರ ಎರಡು. ಶೋಧಕನ ಕ್ಲೇಮಿನಿಂದ ಮೇಲಕ್ಕೂ ಕೆಳಕ್ಕೂ ಒಂದು, ಎರಡು, ಮೂರು ಎಂದು ಸಂಖ್ಯೆ. ಗೂಟ ಹೊಡೆದು, ನದಿಯ ಕೆಳಗಿದ್ದ ಫಾರ್ಟಿಮೈಲ್ ಎಂಬ ಹಳೆಯ ಗಣಿ ಊರಿಗೆ ಹೋಗಿ ನೋಂದಾಯಿಸಬೇಕು. ಕಾರ್ಮ್ಯಾಕ್ ಅಲ್ಲಿ ಬಾಯಿಬಿಟ್ಟದ್ದೇ ತಡ, ಊರು ಖಾಲಿಯಾಯಿತು. ಹಳ್ಳದ ಹೆಸರು ಬೊನಾನ್ಜಾ ಎಂದಾಯಿತು. ಅದಕ್ಕೆ ಸೇರುವ, ಅದಕ್ಕಿಂತಲೂ ಶ್ರೀಮಂತವಾದ ಎಲ್ಡೊರಾಡೊ ಹಳ್ಳಕ್ಕೂ ತಿಂಗಳೊಪ್ಪತ್ತಿನಲ್ಲಿ ಜನ ನುಗ್ಗಿದರು.

ಈ ಹಂಚಿಕೆಯಲ್ಲಿ ತಪ್ಪಿಹೋದವನು ರಾಬರ್ಟ್ ಹೆಂಡರ್ಸನ್. ಗುಡ್ಡದ ಆಚೆ ಬದಿಯ ಹಳ್ಳದಲ್ಲಿ ಆಗಲೇ ಕೆಲಸ ಮಾಡುತ್ತಿದ್ದವನು. ಈ ಕಡೆ ನೋಡಿ ಎಂದು ಕಾರ್ಮ್ಯಾಕ್‌ಗೆ ಹೇಳಿದವನೂ ಅವನೇ. ಆದರೆ ಕೇಷ್, ಕಾ ಗೋಖ್ ಇಬ್ಬರ ಬಗ್ಗೆ ಹಗುರವಾಗಿ ಮಾತಾಡಿದ್ದ. ಚಿನ್ನ ಸಿಕ್ಕಾಗ ಅವನಿಗೆ ಯಾರೂ ಹೇಳಿಕಳಿಸಲಿಲ್ಲ. ಸುದ್ದಿ ಮುಟ್ಟುವಷ್ಟರಲ್ಲಿ ಬೊನಾನ್ಜಾದಲ್ಲಿ ಅವನಿಗೆ ನೆಲ ಉಳಿದಿರಲಿಲ್ಲ.

ಅವಸರದಲ್ಲಿ ಅಂದಾಜಿನ ಮೇಲೆ ಅಳೆದ ಕ್ಲೇಮುಗಳು ಒಂದರ ಮೇಲೊಂದು ಬಿದ್ದಿದ್ದವು. ಸರ್ಕಾರದ ಸರ್ವೇಯರ್ ವಿಲಿಯಂ ಓಗಿಲ್ವಿ ಆ ಚಳಿಗಾಲದಲ್ಲಿ ಸರಪಳಿ ಹಿಡಿದು ಮರು ಅಳತೆ ಮಾಡಿದ. 500 ಅಡಿಗಿಂತ ಹೆಚ್ಚಿದ್ದ ಕಡೆಗಳಲ್ಲಿ ತುಂಡುಗಳು ಉಳಿದವು. ಹಾಗೆ ಉಳಿದ 86 ಅಡಿಯ ತುಂಡೊಂದನ್ನು ಅವನ ಸರಪಳಿ ಹಿಡಿಯುತ್ತಿದ್ದ ಡಿಕ್ ಲೋ ಬರೆಸಿಕೊಂಡ. ಮಾರಲು ನೋಡಿದ, ಕೊಳ್ಳುವವರಿಲ್ಲ. ಅಗೆದಾಗ ಅದು ಇಡೀ ಕ್ಲೋಂಡೈಕ್‌ನಲ್ಲೇ ಅಳತೆಗೆ ಹೋಲಿಸಿದರೆ ಅತಿ ಹೆಚ್ಚು ಚಿನ್ನ ಕೊಟ್ಟ ನೆಲವೆಂದು ಹೆಸರಾಯಿತು. ನಿಜವಾದ ಅದೃಷ್ಟ ಬೇಕೆಂದವರು ಈ ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಆದರೆ ಡಿಕ್ ಲೋ ಕೂಡ 1897ರ ಜುಲೈಗೆ ಮೊದಲೇ ಅಲ್ಲಿದ್ದವನು ಎಂಬುದನ್ನು ಮರೆಯಬಾರದು.

ಬೆಂಕಿ ಹಾಕಿ ನೆಲ ಅಗೆಯುವುದು

ಕನ್ನಡದ ಓದುಗರಿಗೆ ಚಿನ್ನದ ಗಣಿ ಎಂದರೆ ಕೋಲಾರ. ಅಲ್ಲಿನದು ಗಟ್ಟಿ ಕಲ್ಲಿನೊಳಗೆ ಎಳೆಯಾಗಿ ಹರಿದ ಚಿನ್ನ. ಕಿಲೋಮೀಟರುಗಟ್ಟಲೆ ಆಳಕ್ಕಿಳಿಯಬೇಕು, ಕಲ್ಲು ಪುಡಿ ಮಾಡಬೇಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿಯಂಥ ಬಂಡವಾಳ ಬರದೆ ಅದು ನಡೆಯುವ ಕೆಲಸವಲ್ಲ. ಕ್ಲೋಂಡೈಕ್‌ನದು ಇನ್ನೊಂದು ಬಗೆ. ಬೆಟ್ಟದ ಕಲ್ಲು ಲಕ್ಷಾಂತರ ವರ್ಷ ಸವೆದು, ಬಿಡಿಯಾದ ಚಿನ್ನ ಹಳ್ಳದ ಜಲ್ಲಿಯೊಳಗೆ ಇಳಿದು ತಳಬಂಡೆಯ ಮೇಲೆ ಕೂತಿತ್ತು. ಆ ಪ್ರದೇಶದ ಮೇಲೆ ಹಿಮನದಿಗಳು ಹರಿಯದೇ ಇದ್ದುದರಿಂದ ಯಾವುದೂ ಅದನ್ನು ಉಜ್ಜಿ ಒಯ್ದಿರಲಿಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ಜಾಲಿಸಿ ಹೊನ್ನಿನ ಪುಡಿ ತೆಗೆಯುತ್ತಿದ್ದುದೂ ಇದೇ ಜಾತಿಯ ಕೆಲಸ. ಬಾಣಲೆ, ಸಲಿಕೆ, ನೀರು ಇದ್ದರೆ ಯಾರಾದರೂ ಮಾಡಬಹುದು. ಬಡವನೂ ಸಾಲ ಮಾಡಿ ಹೊರಟಿದ್ದು ಇದೇ ನಂಬಿಕೆಯಲ್ಲಿ.

ಯಾರೂ ಅವರಿಗೆ ಸರಿಯಾಗಿ ಹೇಳದೇ ಇದ್ದದ್ದು ನೆಲದ ಸಂಗತಿ. ಅಲ್ಲಿನ ನೆಲ ಪಾಚಿಯ ಪದರದ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಗುದ್ದಲಿ ಹಾಕಿದರೆ ಸಿಡಿಯುವುದಿಲ್ಲ. ಬೇಸಿಗೆಯಲ್ಲಿ ಅಗೆದರೆ ಮೇಲಿನ ನೀರು ಬಾವಿಗೆ ನುಗ್ಗುತ್ತದೆ. ಆದ್ದರಿಂದ ಅಗೆತವೆಲ್ಲ ಚಳಿಗಾಲದ್ದು, ಸೊನ್ನೆಗಿಂತ 40–50 ಡಿಗ್ರಿ ಕೆಳಗಿನ ಚಳಿಯಲ್ಲಿ. ಸಂಜೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದು. ರಾತ್ರಿಯೆಲ್ಲ ಉರಿದರೆ ಒಂದಡಿಯಷ್ಟು ನೆಲ ಕರಗುತ್ತದೆ. ಬೆಳಗ್ಗೆ ಬೂದಿ, ಕೆಸರು ತೋಡಿ ಮೇಲೆ ಹಾಕಿ, ಸಂಜೆಗೆ ಮತ್ತೆ ಬೆಂಕಿ. ಹೊಗೆ ಪೂರ್ತಿ ಹೋಗುವ ಮುನ್ನ ಕೆಳಗಿಳಿದರೆ ವಿಷಗಾಳಿಗೆ ಉಸಿರುಗಟ್ಟುತ್ತದೆ. ಹೆಪ್ಪುಗಟ್ಟಿದ ಗೋಡೆಗೆ ಮರದ ಆಸರೆ ಬೇಡ ಎಂಬುದೊಂದೇ ಅನುಕೂಲ. ಆಳ ಒಂದೊಂದು ಕಡೆ ಒಂದೊಂದು: 3 ಮೀಟರಿಗೇ ತಳಬಂಡೆ ಸಿಗಬಹುದು, 10 ಮೀಟರ್ ದಾಟಬಹುದು. ಬಾವಿ ಸ್ವಲ್ಪ ಆಳವಾದ ಮೇಲೆ ಒಬ್ಬ ಕೆಳಗೆ ತೋಡುತ್ತಾನೆ, ಇನ್ನೊಬ್ಬ ಮೇಲೆ ಕೈರಾಟೆ ತಿರುಗಿಸಿ ಬಕೀಟು ಎಳೆಯುತ್ತಾನೆ. ಒಬ್ಬನಿಂದಲೇ ಆಗುವ ಕೆಲಸವಲ್ಲ.

ತಳ ಮುಟ್ಟಿದ ಮೇಲೂ ಗ್ಯಾರಂಟಿ ಇಲ್ಲ. ಚಿನ್ನದ ಪಟ್ಟೆ ಇಂದಿನ ಹಳ್ಳದ ಕೆಳಗೇ ಇರಬೇಕೆಂದಿಲ್ಲ, ಹಳೆಯ ಹರಿವಿನ ಜಾಡಿನಲ್ಲಿ ಬದಿಗೆ ಸರಿದಿರಬಹುದು. ತಪ್ಪಿದರೆ ಇನ್ನೊಂದು ಬಾವಿ. ಸಿಕ್ಕಿದರೆ ತಳಬಂಡೆಯ ಮೇಲೆ ಅಡ್ಡಸುರಂಗ ಕೊರೆಯುತ್ತ, ದಿನಕ್ಕೆ ಒಂದೆರಡು ಬಾಣಲೆ ಗುಡಿಸಲಿನೊಳಗೆ ಒಯ್ದು, ಹಿಮ ಕರಗಿಸಿದ ನೀರಿನಲ್ಲಿ ಜಾಲಿಸಿ, ಪಟ್ಟೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿಕೊಳ್ಳುತ್ತಿದ್ದರು. ಮಣ್ಣೆಲ್ಲ ಬಾವಿಯ ಪಕ್ಕ ಗುಡ್ಡೆ ಬಿದ್ದು ಮತ್ತೆ ಹೆಪ್ಪುಗಟ್ಟುತ್ತಿತ್ತು. ಮೇ ತಿಂಗಳಲ್ಲಿ ಹಿಮ ಕರಗಿ ಹಳ್ಳ ಹರಿಯತೊಡಗಿದ ಮೇಲೆ ಅದನ್ನು ಇಳಿಜಾರಿಗೆ ಜೋಡಿಸಿದ ಮರದ ದೋಣಿಗಳಿಗೆ (ಉದ್ದನೆಯ ತೊಟ್ಟಿಗಳಿಗೆ) ಸುರಿದು ನೀರು ಬಿಡುವುದು. ತಳದ ಅಡ್ಡಪಟ್ಟಿಗಳ ಹಿಂದೆ ಚಿನ್ನ ನಿಲ್ಲುತ್ತದೆ. ದೋಣಿ ಕಡಿದಾದರೆ ಪುಡಿಚಿನ್ನ ಕೊಚ್ಚಿಹೋಗುತ್ತದೆ, ಚಪ್ಪಟೆಯಾದರೆ ಜಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಇರುವ ವಾರಗಳೂ ಕಡಿಮೆ.

ಹೀಗೆ ಏಳೆಂಟು ತಿಂಗಳ ದುಡಿಮೆಗೆ ಬೆಲೆ ಗೊತ್ತಾಗುವುದು ಜೂನ್‌ನಲ್ಲಿ. ಅಲ್ಲಿಯವರೆಗೆ ಊಟ, ಕಟ್ಟಿಗೆ, ಕೂಲಿ ಎಲ್ಲ ಸಾಲ. ಹಣವಿಲ್ಲದ ಹಕ್ಕುದಾರರು ಕ್ಲೇಮಿನ ತುಂಡುಗಳನ್ನು ಅರ್ಧಪಾಲಿಗೆ ಬಿಡುತ್ತಿದ್ದರು, ನಮ್ಮ ಕಡೆ ಹೊಲ ಕೋರಿಗೆ ಕೊಡುವ ಹಾಗೆಯೇ. ‘ಬಿಗ್ ಅಲೆಕ್ಸ್’ ಮೆಕ್‌ಡೊನಾಲ್ಡ್ ಎಲ್ಡೊರಾಡೊದ 30ನೇ ಕ್ಲೇಮಿನ ಅರ್ಧ ಭಾಗವನ್ನು ಒಂದು ಮೂಟೆ ಹಿಟ್ಟು, ಒಂದಿಷ್ಟು ಒಣಗಿಸಿದ ಹಂದಿಮಾಂಸ ಕೊಟ್ಟು ಕೊಂಡ. ತಾನು ಅಗೆಯದೆ ಪಾಲಿಗೆ ಕೊಟ್ಟ, ಬಂದದ್ದರಿಂದ ಇನ್ನಷ್ಟು ಕ್ಲೇಮು ಕೊಂಡ. ‘ಕ್ಲೋಂಡೈಕ್‌ನ ರಾಜ’ ಎನಿಸಿಕೊಂಡ. ಕೊಳ್ಳುವುದನ್ನು ನಿಲ್ಲಿಸಲಾಗದೆ ಎಲ್ಲವನ್ನೂ ಕಳೆದುಕೊಂಡು 1909ರಲ್ಲಿ ಬಡವನಾಗಿ ಸತ್ತ.

ಒಂದು ಟನ್ ಸಾಮಾನು

1897ರ ಜುಲೈ ಮಧ್ಯದಲ್ಲಿ ‘ಎಕ್ಸೆಲ್ಸಿಯರ್’ ಹಡಗು ಸ್ಯಾನ್ ಫ್ರಾನ್ಸಿಸ್ಕೊಗೂ, 17ರಂದು ‘ಪೋರ್ಟ್‌ಲ್ಯಾಂಡ್’ ಸಿಯಾಟಲ್‌ಗೂ ಬಂದವು. ಚೀಲ, ಪೆಟ್ಟಿಗೆಗಳಲ್ಲಿ ಚಿನ್ನ ಹೊತ್ತವರು ಇಳಿದರು. ಒಂದು ಟನ್ ಚಿನ್ನ ಎಂದು ಪತ್ರಿಕೆಗಳು ಬರೆದವು. ಓಗಿಲ್ವಿ ಕಳಿಸಿದ ವರದಿಗಳು ಅದಕ್ಕೂ ಮೊದಲೇ ಒಟ್ಟಾವಾಕ್ಕೆ ಹೋಗಿದ್ದವು, ಯಾರೂ ಗಮನಿಸಿರಲಿಲ್ಲ. ಅಮೆರಿಕದಲ್ಲಿ 1893ರಿಂದ ಬ್ಯಾಂಕುಗಳು ಮುಳುಗಿ, ಕೆಲಸ ಹೋಗಿ, ಜನ ನಾಲ್ಕು ವರ್ಷ ಕಷ್ಟದಲ್ಲಿದ್ದರು. ಕಣ್ಣೆದುರಿಗೆ ಬಂದ ಚಿನ್ನಕ್ಕೆ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ಸಿಯಾಟಲ್‌ನ ಮೇಯರ್ ಕೂಡ ರಾಜೀನಾಮೆ ಕೊಟ್ಟು ಉತ್ತರಕ್ಕೆ ಹಡಗು ಓಡಿಸುವ ವ್ಯಾಪಾರಕ್ಕಿಳಿದ.

ವರ್ಷದ ಆಹಾರ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಕೆನಡಾದ ವಾಯವ್ಯ ಕುದುರೆ ಪೊಲೀಸರು 1898ರ ಆರಂಭದಲ್ಲಿ ನಿಯಮ ಮಾಡಿದರು. ಗಣಿಗಳ ಬಳಿ ಎದ್ದ ಡಾಸನ್ ಊರು ಆ ಚಳಿಗಾಲ ಬರಗಾಲದ ಅಂಚಿಗೆ ಹೋಗಿದ್ದುದೇ ಇದಕ್ಕೆ ಕಾರಣ, ಮತ್ತು ಸರಿಯಾದ ಕಾರಣ. ಆ ಕಾಲದಲ್ಲಿ ಓಡಾಡಿದ ಒಂದು ಪಟ್ಟಿಯಲ್ಲಿ ಒಬ್ಬರಿಗೆ ಹಿಟ್ಟು 400 ಪೌಂಡ್, ಒಣ ಹಂದಿಮಾಂಸ 150, ಬೀನ್ಸ್ 125, ಒಣಹಣ್ಣು 75, ಸಕ್ಕರೆ 25, ಉಪ್ಪು 15, ಟೀ ಮತ್ತು ಕಾಫಿ ತಲಾ 10. ಇದರ ಮೇಲೆ ಡೇರೆ, ಒಲೆ, ಗುದ್ದಲಿ, ಗರಗಸ, 200 ಅಡಿ ಹಗ್ಗ, ದೋಣಿಯ ಸಂದಿ ತುಂಬಲು ನಾರು, ರಾಳ. ಒಟ್ಟು 900 ಕಿಲೋ ಹತ್ತಿರ. ಸಾಮಾನು ಅಮೆರಿಕದಲ್ಲಿ ಕೊಂಡಿದ್ದರೆ ಗಡಿಯಲ್ಲಿ ಕೆನಡಾಕ್ಕೆ ಸುಂಕ ಬೇರೆ.

ಅತಿ ಹೆಚ್ಚು ಜನ ಹಿಡಿದ ದಾರಿ ಅಲಾಸ್ಕಾದ ಡೈಯೀ ಬಂದರಿನಿಂದ ಚಿಲ್ಕೂಟ್ ಕಣಿವೆ ದಾಟಿ ಬೆನೆಟ್ ಸರೋವರಕ್ಕೆ, 53 ಕಿ.ಮೀ. ಕೊನೆಯ ಏರು ಕುದುರೆಗೂ ಹತ್ತಲಾಗದಷ್ಟು ಕಡಿದು. ಹಿಮದಲ್ಲಿ 1,500 ಮೆಟ್ಟಿಲು ಕಡಿದಿದ್ದರು. ಒಂದು ಸಲಕ್ಕೆ 25–30 ಕಿಲೋ ಹೊತ್ತರೆ 900 ಕಿಲೋ ಮೇಲೇರಲು 30ಕ್ಕೂ ಹೆಚ್ಚು ಸಲ ಹತ್ತಬೇಕು, ಅಷ್ಟೇ ಸಲ ಬರಿಗೈಯಲ್ಲಿ ಇಳಿಯಬೇಕು. ಇಡೀ ದಾರಿಯನ್ನು ಬೆನ್ನ ಮೇಲೇ ಹೊತ್ತು ನಡೆದರೆ 3,000 ಕಿ.ಮೀ. ಮೀರುತ್ತದೆ. ಸಮತಟ್ಟಿನಲ್ಲಿ ಜಾರುಬಂಡಿ ಎಳೆದು ಇದನ್ನು ಕಡಿಮೆ ಮಾಡಿಕೊಂಡರು, ಆದರೂ ತಿಂಗಳುಗಟ್ಟಲೆ ಹಿಡಿಯಿತು.

ಈ ಕಣಿವೆ ಟ್ಲಿಂಗಿಟ್ ಜನರದು. ಮೀನೆಣ್ಣೆ, ತುಪ್ಪಳದ ವ್ಯಾಪಾರಕ್ಕೆ ತಲೆಮಾರುಗಳಿಂದ ಅವರು ಕಾಯ್ದುಕೊಂಡಿದ್ದ ದಾರಿ. ಹೊರೆ ಹೊತ್ತು ಅವರಲ್ಲಿ ಹಲವರು ಮೊದಲಿಗೆ ಚೆನ್ನಾಗಿಯೇ ದುಡಿದರು. 1898ರಲ್ಲಿ ತಂತಿಯ ಮೇಲೆ ಸಾಮಾನು ಸಾಗಿಸುವ ಯಂತ್ರಗಳು ಬಂದು ಆ ಸಂಪಾದನೆ ಹೋಯಿತು. ಆ ವರ್ಷ ಏಪ್ರಿಲ್ 3ರಂದು ಹಿಮ ಕುಸಿಯುವ ಲಕ್ಷಣ ನೋಡಿ ಈ ಹಮಾಲರು ಮೇಲೆ ಹೋಗಲು ಒಪ್ಪಲಿಲ್ಲ. ಹೋದವರಲ್ಲಿ 60ಕ್ಕೂ ಹೆಚ್ಚು ಮಂದಿ ಹಿಮದಡಿ ಸತ್ತರು. ಪಕ್ಕದ ವೈಟ್ ಪಾಸ್ ದಾರಿ ಕುದುರೆಗೆ ಆಗುತ್ತದೆ ಎಂದು ನಂಬಿ ಒಯ್ದವರಿಂದ ಸುಮಾರು 3,000 ಕುದುರೆಗಳು ಬಿದ್ದು, ಕಾಲು ಮುರಿದು, ಹಸಿದು ಸತ್ತವು.

ಬೆನೆಟ್‌ನಿಂದ ಡಾಸನ್‌ಗೆ ನೀರಿನ ಮೇಲೆ 900 ಕಿ.ಮೀ. ಹಸಿ ಮರವನ್ನು ಕೈಯಲ್ಲೇ ಕೊಯ್ದು ದೋಣಿ ಕಟ್ಟಬೇಕು. ಅಟ್ಟದ ಮೇಲೆ ಒಬ್ಬ, ಕೆಳಗೆ ಒಬ್ಬ ನಿಂತು ಉದ್ದ ಗರಗಸ ಎಳೆಯುವ ಆ ಕೆಲಸದಲ್ಲಿ ಕೆಳಗಿದ್ದವನ ಕಣ್ಣಿಗೆ ಹೊಟ್ಟು. ಜೀವದ ಗೆಳೆಯರು ಅಲ್ಲೇ ಜಗಳವಾಡಿ ಸಾಮಾನು ಪಾಲು ಮಾಡಿಕೊಂಡು ಬೇರೆಯಾದದ್ದಿದೆ. ಮೇ 29ರಂದು ಹಿಮಗಡ್ಡೆ ಒಡೆದಾಗ 7,000ಕ್ಕೂ ಹೆಚ್ಚು ದೋಣಿಗಳು ಹೊರಟವು. ವೈಟ್ ಹಾರ್ಸ್ ಸುಳಿಗಳಲ್ಲಿ ಮೊದಲ ದಿನಗಳಲ್ಲೇ 150ರಷ್ಟು ಒಡೆದವು. ಪೊಲೀಸ್ ಅಧಿಕಾರಿ ಸ್ಯಾಮ್ ಸ್ಟೀಲ್ ಅಲ್ಲಿಗೆ ಬಂದು, ನುರಿತ ನಾವಿಕನಿಲ್ಲದೆ ಯಾವ ದೋಣಿಯೂ ಇಳಿಯಬಾರದು, ಹೆಂಗಸರು ಮಕ್ಕಳು ದಡದಲ್ಲಿ ನಡೆಯಬೇಕು ಎಂದು ಆಜ್ಞೆ ಮಾಡಿದ. ಕಾನೂನಿನಲ್ಲಿ ಅವನಿಗೆ ಅಷ್ಟು ಅಧಿಕಾರ ಇತ್ತೋ ಇಲ್ಲವೋ, ಸಾವು ನಿಂತದ್ದು ಅದರಿಂದಲೇ.

ಡಾಸನ್: ಬಂದವರು ಏನು ಮಾಡಿದರು

ಡಾಸನ್ ಊರನ್ನು ಹುಟ್ಟುಹಾಕಿದವನು ಅಗೆಯುವವನಲ್ಲ, ಜೋ ಲಡೂ ಎಂಬ ವ್ಯಾಪಾರಿ. ಚಿನ್ನದ ಸುದ್ದಿ ಕೇಳಿದ ಕೂಡಲೇ ಅವನು ಕ್ಲೇಮಿನ ಹಿಂದೆ ಹೋಗಲಿಲ್ಲ. ನದಿಗಳು ಕೂಡುವ ಜಾಗದ ಜೌಗುನೆಲವನ್ನು ಬರೆಸಿಕೊಂಡು, ತನ್ನ ಮರ ಕೊಯ್ಯುವ ಮಿಲ್ಲು ತಂದು ನಿಲ್ಲಿಸಿ, ಸೈಟು ಹಾಕಿ ಮಾರಿದ. ಬೆಲಿಂಡಾ ಮಲ್ರೂನಿ ಹತ್ತಿ ಬಟ್ಟೆ, ಬಿಸಿನೀರಿನ ರಬ್ಬರ್ ಚೀಲ ತಂದು ಹಲವು ಪಟ್ಟು ಲಾಭಕ್ಕೆ ಮಾರಿದಳು. ಬೊನಾನ್ಜಾ, ಎಲ್ಡೊರಾಡೊ ಕೂಡುವಲ್ಲಿ ತಂಗುಮನೆ ಕಟ್ಟಿ, ಅಲ್ಲಿಗೆ ಬರುವವರ ಬಾಯಿಂದ ಯಾವ ಕ್ಲೇಮು ಹೇಗಿದೆ ಎಂದು ತಿಳಿದು ಪಾಲು ಕೊಂಡು, 1898ರಲ್ಲಿ ಡಾಸನ್‌ನ ದೊಡ್ಡ ಹೋಟೆಲಿನ ಒಡತಿಯಾದಳು.

1898ರ ಬೇಸಿಗೆಯಲ್ಲಿ ದೋಣಿಯಿಂದ ಇಳಿದವರು ತಿಂಗಳುಗಟ್ಟಲೆ ಬೀದಿಯಲ್ಲಿ ಸುಮ್ಮನೆ ಓಡಾಡಿದರು ಎಂದು ಕಂಡವರು ಬರೆದಿದ್ದಾರೆ. ಹಲವರು ಹಳ್ಳಗಳ ಕಡೆ ಕಾಲು ಹಾಕಲೂ ಇಲ್ಲ. ತಂದ ಸಾಮಾನನ್ನು ಮಾರಿ ಹಡಗಿನ ಟಿಕೆಟು ಕೊಂಡರು. ಕೆಲವರು ಗುಡ್ಡದ ಇಳಿಜಾರಿನಲ್ಲಿ ಅಗೆದರು. ಹಳಬರು ನಗುತ್ತಿದ್ದರು, ಹಳ್ಳದ ಚಿನ್ನ ಗುಡ್ಡದ ಮೇಲೆ ಹೇಗಿರುತ್ತದೆ ಎಂದು. ಆದರೆ ಅಲ್ಲಿ ಹಳೆಯ ನದಿಯೊಂದರ ಬಿಳಿ ಜಲ್ಲಿಯಿತ್ತು, ಅದರಲ್ಲಿ ಚಿನ್ನವೂ ಇತ್ತು. ತಡವಾಗಿ ಬಂದವರಿಗೆ ದಕ್ಕಿದ ದೊಡ್ಡ ನೆಲ ಅದೊಂದೇ. ಉಳಿದವರು ಕೂಲಿಗೆ ಸೇರಿದರು. ಜನ ಕಡಿಮೆಯಿದ್ದಾಗ ಗಂಟೆಗೆ ಒಂದೂವರೆ ಡಾಲರ್ ಇದ್ದ ಕೂಲಿ ಜನ ತುಂಬಿದಂತೆ ಬಿದ್ದುಹೋಯಿತು. ಜೌಗಿನಲ್ಲಿ ಪಾಯಖಾನೆ ಮತ್ತು ಕುಡಿಯುವ ನೀರು ಒಂದಾಗಿ ಟೈಫಾಯಿಡ್ ಹಬ್ಬಿತು. ತಾಜಾ ತರಕಾರಿ ಇಲ್ಲದೆ ಸ್ಕರ್ವಿ ಬಂದು ವಸಡು ಕೊಳೆಯುತ್ತಿತ್ತು. ಸ್ಪ್ರೂಸ್ ಮರದ ಎಲೆಯ ಕಷಾಯ ಅದಕ್ಕೆ ಮದ್ದೆಂಬುದು ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು, ಕೇಳಿದವರು ಕಡಿಮೆ. 1899ರ ಏಪ್ರಿಲ್ 26ರ ಬೆಂಕಿಯಲ್ಲಿ 117 ಕಟ್ಟಡಗಳು ಸುಟ್ಟವು. ಆ ಆಗಸ್ಟ್‌ನಲ್ಲಿ ಅಲಾಸ್ಕಾದ ನೋಮ್ ಕಡಲತೀರದಲ್ಲಿ ಚಿನ್ನ ಎಂಬ ಸುದ್ದಿ ಬಂದು, ಒಂದೇ ವಾರದಲ್ಲಿ 8,000 ಮಂದಿ ಡಾಸನ್ ಬಿಟ್ಟರು.

ಒಂದು ಕೈಲೆಕ್ಕ ಹಾಕಬಹುದು. 1896ರಿಂದ 1899ರವರೆಗೆ ಕ್ಲೋಂಡೈಕ್‌ನಿಂದ ಬಂದ ಚಿನ್ನ ಸುಮಾರು 2.9 ಕೋಟಿ ಡಾಲರಿನದು. ಹೊರಟ ಒಂದು ಲಕ್ಷ ಮಂದಿ ತಲೆಗೆ 500 ಡಾಲರ್ ಖರ್ಚು ಮಾಡಿದರು ಎಂದರೂ 5 ಕೋಟಿ. ಗುಂಪು ಹೊರಗೆ ತಂದದ್ದಕ್ಕಿಂತ ಒಳಗೆ ಹಾಕಿದ್ದೇ ಹೆಚ್ಚು. ಆ ಹಣ ಸಿಯಾಟಲ್, ವ್ಯಾಂಕೂವರ್‌ಗಳ ಅಂಗಡಿಗಳಲ್ಲಿ, ಹಡಗು ಕಂಪನಿಗಳಲ್ಲಿ ನಿಂತಿತು.

ಹಾನ್ ಜನರ ಮೀನುಗಾರಿಕೆ

ಕ್ಲೋಂಡೈಕ್ ನದಿ ಯೂಕಾನ್ ಸೇರುವ ಮೂಲೆಯಲ್ಲಿ ಟ್ರೊಚೆಕ್ ಎಂಬ ಬಿಡಾರವಿತ್ತು. ಅಲ್ಲಿನ ಮೂಲನಿವಾಸಿಗಳಾದ ಹಾನ್ ಜನ ಬೇಸಿಗೆಯಲ್ಲಿ ಅಲ್ಲಿ ಸೇರಿ, ಹೊಳೆಗೆ ಗೂಟ ಹೊಡೆದು ಬಲೆ ಕಟ್ಟಿ ಸಾಲ್ಮನ್ ಹಿಡಿದು ಚಳಿಗಾಲಕ್ಕೆ ಒಣಗಿಸುತ್ತಿದ್ದರು. ಹೊರಗಿನವರಿಗೆ ಆ ಜಾಗ ಬಂದರಿನ ಪಕ್ಕದ ಖಾಲಿ ಸೈಟಿನಂತೆ ಕಂಡಿತು. ಒಂದೇ ವರ್ಷದಲ್ಲಿ ಅಲ್ಲಿ ಗುಡಿಸಲು, ಮರದ ಮಿಲ್ಲು, ಸೂಳೆಗೇರಿ. ಬೆಂಕಿಗೂ ಹಡಗಿಗೂ ಕಟ್ಟಿಗೆ ಕಡಿದು ಗುಡ್ಡಗಳು ಬೋಳಾದವು. ಬೇಟೆಯ ಪ್ರಾಣಿ ದೂರ ಸರಿಯಿತು. ಚಿನ್ನ ತೊಳೆಯುವ ಮರದ ದೋಣಿಗಳಿಂದ ಇಳಿದ ಕೆಸರು ಹಳ್ಳಗಳನ್ನು ತುಂಬಿತು.

ಅವರ ಮುಖ್ಯಸ್ಥ ಐಸಾಕ್ 1897ರಲ್ಲಿ ಜನರನ್ನು ಸುಮಾರು 5 ಕಿ.ಮೀ. ಕೆಳಗಿನ ಮೂಸ್‌ಹೈಡ್‌ಗೆ ಕರೆದೊಯ್ದ. ಇದನ್ನು ಬರಿಯ ಓಡಿಹೋಗುವಿಕೆ ಎಂದುಕೊಳ್ಳಬಾರದು. ಐಸಾಕ್ ಡಾಸನ್‌ಗೆ ಬರುತ್ತಿದ್ದ, ಮಾಂಸ ಮಾರುತ್ತಿದ್ದ ತನ್ನವರ ಪರವಾಗಿ ಮಾತಾಡುತ್ತಿದ್ದ, ಇದು ನಮ್ಮ ನೆಲ ಎಂದು ಊರಿನವರ ಎದುರೇ ಹೇಳುತ್ತಿದ್ದ. ಈ ಗದ್ದಲದಲ್ಲಿ ಹಾಡು ಕುಣಿತಗಳು ಉಳಿಯುವುದಿಲ್ಲ ಎಂದು ತಿಳಿದು ಅವನ್ನು ಅಲಾಸ್ಕಾದ ನೆಂಟರಿಗೆ ಒಪ್ಪಿಸಿದ. ಅವು ತಿರುಗಿ ಬಂದದ್ದು 1990ರ ದಶಕದಲ್ಲಿ. ನಡುವೆ ರೋಗಗಳು ಬಂದವು, ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದರು, 1957ರಲ್ಲಿ ಮೂಸ್‌ಹೈಡ್‌ನ ಶಾಲೆಯೂ ಮುಚ್ಚಿ ಕುಟುಂಬಗಳು ಡಾಸನ್‌ಗೇ ಬರಬೇಕಾಯಿತು.

ಗೂಟ ಹೊಡೆದ ಟಾಗಿಶ್ ಕುಟುಂಬದ್ದು ಇನ್ನೊಂದು ಕಥೆ. ಹಣ ಬಂತು. 1900ರಲ್ಲಿ ಕಾರ್ಮ್ಯಾಕ್ ಶಾ ಟ್ಲಾಳನ್ನು ಬಿಟ್ಟು ಬೇರೆ ಮದುವೆಯಾದ. ಆಕೆಗೆ ಅವನ ಸಂಪತ್ತಿನ ಪಾಲು ಸಿಗಲಿಲ್ಲ, 1920ರಲ್ಲಿ ಜ್ವರದ ಸಾಂಕ್ರಾಮಿಕದಲ್ಲಿ ತೀರಿಕೊಂಡಳು. ಕೇಷ್ 1916ರಲ್ಲಿ ಸಾಯುವ ಮುನ್ನ ತನ್ನ ಹಣದ ಭಾಗವನ್ನು ಯೂಕಾನ್‌ನ ಮೂಲನಿವಾಸಿಗಳಿಗಾಗಿ ನಿಧಿಯಾಗಿ ಬರೆದಿಟ್ಟ.

ಯಂತ್ರಗಳು, ರಾಯಧನ

ಉತ್ಪಾದನೆ ಶಿಖರ ಮುಟ್ಟಿದ್ದು 1900ರಲ್ಲಿ, ಸುಮಾರು 2.2 ಕೋಟಿ ಡಾಲರ್. ಅಂದರೆ ನೂಕುನುಗ್ಗಲು ಇಳಿದ ಮೇಲೆ. ಆಮೇಲೆ ಬಿಡಿ ಕ್ಲೇಮುಗಳನ್ನು ಕೊಂಡು ಒಗ್ಗೂಡಿಸಿದ ಕಂಪನಿಗಳು ಬಂದವು. ನೆಲವನ್ನು ಮೊದಲು ಹಬೆಯ ಕೊಳವೆಗಳಿಂದ ಕರಗಿಸಿ, ತಾನೇ ತೋಡಿಕೊಂಡ ಕೊಳದಲ್ಲಿ ತೇಲುವ ದೈತ್ಯ ಡ್ರೆಜ್‌ಗಳು ಮುಂದಿನಿಂದ ಜಲ್ಲಿ ತಿಂದು ಹಿಂದೆ ಗುಡ್ಡೆ ಹಾಕುತ್ತ ಕಣಿವೆ ಉದ್ದಕ್ಕೂ ನಡೆದವು. 1912ರಲ್ಲಿ ಕಟ್ಟಿದ 4ನೇ ಸಂಖ್ಯೆಯ ಡ್ರೆಜ್ 1959ರವರೆಗೆ ಕೆಲಸ ಮಾಡಿತು. ನೂರಾರು ಜನರ ಕೆಲಸವನ್ನು ಹತ್ತಾರು ಜನರಿಂದ ಮಾಡಿಸಿತು, ಕೈಯಲ್ಲಿ ತೊಳೆದವರು ಬಿಟ್ಟ ಪುಡಿಚಿನ್ನವನ್ನೂ ತೆಗೆಯಿತು. ಬಡವನ ಗಣಿ ಹತ್ತು ಹದಿನೈದು ವರ್ಷಗಳಲ್ಲಿ ಕೋಲಾರದ ದಾರಿಗೇ ಬಂತು. ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳು ಉಳಿದಂತೆ ಅಲ್ಲಿ ಜಲ್ಲಿಯ ದಿಬ್ಬಗಳು ಉಳಿದಿವೆ.

ಟ್ರೊಂಡೆಕ್ ಹ್ವೆಚಿನ್, ಅಂದರೆ ಈ ಹಾನ್ ಜನರ ಸರ್ಕಾರ, 1998ರಲ್ಲಿ ಕೆನಡಾ ಮತ್ತು ಯೂಕಾನ್‌ಗಳ ಜೊತೆ ಭೂಮಿ ಹಾಗೂ ಸ್ವಯಮಾಡಳಿತದ ಒಪ್ಪಂದಕ್ಕೆ ಸಹಿ ಹಾಕಿತು. ಟ್ರೊಚೆಕ್ ಇಂದು ಅವರ ಪಾರಂಪರಿಕ ತಾಣ. 2023ರಲ್ಲಿ ಅದೂ ಮೂಸ್‌ಹೈಡ್‌ ಕೂಡ ‘ಟ್ರೊಂಡೆಕ್-ಕ್ಲೋಂಡೈಕ್’ ಹೆಸರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಹಳ್ಳಗಳಲ್ಲಿ ಗಣಿ ನಿಂತಿಲ್ಲ. 1890ರ ದಶಕದಲ್ಲಿ ಸರ್ಕಾರ ಒಟ್ಟು ಉತ್ಪನ್ನದ ಮೇಲೆ ಹಾಕಿದ್ದ ಶೇ. 10 ರಾಯಧನಕ್ಕೆ ಗಣಿಗಾರರು ದಂಗೆಯೇಳುವಷ್ಟು ಸಿಟ್ಟಾಗಿ, ಅದು ಇಳಿಯುತ್ತ ಶೇ. 2.5ಕ್ಕೆ ಬಂದು ನಿಂತಿತು. ಲೆಕ್ಕ ಹಾಕಲು ಔನ್ಸಿಗೆ 15 ಡಾಲರ್ ಎಂದು ಆಗ ಹಿಡಿದ ಬೆಲೆಯನ್ನೇ ಕಾನೂನಿನಲ್ಲಿ ಉಳಿಸಿಕೊಂಡದ್ದರಿಂದ, ಚಿನ್ನ ಔನ್ಸಿಗೆ ಸಾವಿರಾರು ಡಾಲರ್ ಮುಟ್ಟಿದ ಮೇಲೂ ಯೂಕಾನ್‌ನ ಹಳ್ಳಗಳಿಂದ ತೆಗೆದ ಪ್ರತಿ ಔನ್ಸಿಗೆ ರಾಯಧನ ಮೂವತ್ತೇಳೂವರೆ ಸೆಂಟ್.